ಅಳಿವೆಯಲ್ಲಿ ನೂಕಿದ್ದು

ಹೊನ್ನಾವರದ ಕಾಸರಕೋಡಿನ ದಿನೇಶ ಯಾವುದನ್ನೂ ನೂಕುವವನಲ್ಲ ಎಂಬುದು ಊರಿಗೆಲ್ಲ ಗೊತ್ತಿದ್ದ ಸಂಗತಿ. ಕೆಟ್ಟು ನಿಂತ ರಿಕ್ಷಾಕ್ಕೆ ಒಂದು ಕೈ ಕೊಡು ಎಂದರೆ ಅವನು ಮುಂದೆ ಹೋಗಿ ಹ್ಯಾಂಡಲ್ ಹಿಡಿದಾನೇ ಹೊರತು ಹಿಂದೆ ನಿಲ್ಲುವವನಲ್ಲ. ದಡದಲ್ಲಿ ಜನ ಸೇರಿ ದೋಣಿಯನ್ನು ನೀರಿಗೆ ದೂಡುವಾಗ ಬದಿಗೆ ಸರಿದು ಬೀಡಿ ಹಚ್ಚುತ್ತಿದ್ದ. ಮೀನುಪೇಟೆಯ ಹೆಂಗಸರು ಇದನ್ನು ಸುಮ್ಮನೆ ಬಿಟ್ಟಾರೆಯೇ? ಭುಜ ನೋಡಿದರೆ ಗೋಡೆ ಬೀಳಿಸುವ ಹಾಗಿದ್ದಾನೆ, ಮನೆಯ ಬಾಗಿಲು ದೂಡಲಿಕ್ಕೆ ಮಾತ್ರ ಹೆಂಡತಿ ಕವಿತಾ ಎದ್ದು ಬರಬೇಕು ಎಂದು ನಗುತ್ತಿದ್ದರು. ನಗುವವರು ನಗಲಿ, ಅವರಿಗೇನು ಖರ್ಚು. ನೂಕಲು ಅವನಿಗಿದ್ದ ಹೆದರಿಕೆ ಎಲ್ಲಿಂದ ಬಂತು ಎಂದು ಕೇಳಿದವರು ಅವರಲ್ಲಿ ಒಬ್ಬರೂ ಇರಲಿಲ್ಲ.

ಹಿಂದೆ ಅವನ ಹೊಟ್ಟೆಪಾಡೇ ನೂಕುವುದಾಗಿತ್ತು. ಕೊಲ್ಲಿ ದೇಶದ ಒಂದು ಬಂದರಿನಲ್ಲಿ ಅವನು ಟಗ್ಗಿನ ಮೇಲೆ ಖಲಾಸಿ. ಟಗ್ ಎಂದರೆ ಗಿಡ್ಡ ಮೈಯ, ಭಾರೀ ಎಂಜಿನ್ನಿನ ದೋಣಿ. ದೊಡ್ಡ ಹಡಗುಗಳನ್ನು ನೂಕಿಕೊಂಡು ಹೋಗಿ ಧಕ್ಕೆಗೆ, ಅಂದರೆ ಸರಕು ಇಳಿಸುವ ಕಟ್ಟೆಗೆ, ತಾಗಿಸುವುದು ಅದರ ಕೆಲಸ. ಕಂಪನಿ ತುರ್ಕಿಯವರದು, ಕ್ಯಾಪ್ಟನ್ನೂ ತುರ್ಕಿಯವನೇ. ಹಡಗಿನ ಮೇಲಿಂದ ಅದಕ್ಕೆ ದಾರಿ ತೋರಿಸುವ ಪೈಲಟ್ ವೈರ್‌ಲೆಸ್ಸಿನಲ್ಲಿ ಇಂಗ್ಲಿಷಿನ ಒಂದೇ ಮಾತು ಹೇಳುತ್ತಿದ್ದ: ಪುಶ್. ಕ್ಯಾಪ್ಟನ್‌ಗೆ ಆ ಒಂದು ಮಾತು ಸಾಲುತ್ತಿರಲಿಲ್ಲ. ಅದನ್ನು ತನ್ನ ಭಾಷೆಯಲ್ಲಿ ಬಿಡಿಸಿ ಬಿಡಿಸಿ ಡೆಕ್ಕಿನವರಿಗೆ ಕೂಗುತ್ತಿದ್ದ. ಮೊದಲು 'ಯಸ್ಲಾನ್', ಅಂದರೆ ಸುಮ್ಮನೆ ಆನಿಕೊ, ಬಲ ಹಾಕಬೇಡ. ಆಮೇಲೆ 'ಯೂಕ್ಲೆನ್', ಮೈಭಾರವನ್ನೆಲ್ಲ ಮೆಲ್ಲಗೆ ಅದರ ಮೇಲೆ ಬಿಡು. 'ದೂರ್ತ್' ಎಂದರೆ ಮೊಣಕೈಯಿಂದ ಒಮ್ಮೆ ತಿವಿದು ಹಿಂದೆ ಸರಿ. 'ಬಾಸ್ತಿರ್' ಎಂದರೆ ಒತ್ತಿ ಹಿಡಿ. ಬರೀ ನೂಕುವುದಕ್ಕೆ 'ಇತ್'. ನಮ್ಮಲ್ಲೂ ನೂಕು, ದೂಡು, ದಬ್ಬು, ತಳ್ಳು, ಒತ್ತು ಅಂತೆಲ್ಲ ಉಂಟು ಎಂದು ದಿನೇಶ ಒಮ್ಮೆ ಬೆರಳು ಮಡಚಿ ಹೇಳಿದಾಗ ಆ ಮನುಷ್ಯ ಎಷ್ಟು ಖುಷಿಪಟ್ಟನೆಂದರೆ, ವಾರಗಟ್ಟಲೆ ಚಾ ಕುಡಿಯುವಾಗಲೂ ದಬ್ಬು ದಬ್ಬು ಎನ್ನುತ್ತಿದ್ದ.

ಅದೇ ಟಗ್ಗಿನಲ್ಲಿ ಕುಮಟೆ ಬಳಿಯ ಬಾಡ ಗ್ರಾಮದ ರವೀಂದ್ರನೂ ಇದ್ದ. ಊರ ಕಡೆಯವನು, ಒಂದೇ ತಟ್ಟೆಯಲ್ಲಿ ಉಂಡವನು. ಪೆಟ್ಟು ತಡೆಯಲು ಟಗ್ಗಿನ ಮೂತಿಗೆ ಕಟ್ಟಿದ ಟಯರೊಂದರ ಸರಪಳಿ ಒಂದು ದಿನ ಬಿಟ್ಟುಹೋಯಿತು. ರವೀಂದ್ರ ಬಾಗಿ ಅದನ್ನು ಸಿಕ್ಕಿಸುತ್ತಿದ್ದಾಗ ಗಾಳಿಗೆ ಹಡಗೇ ಇತ್ತ ವಾಲಿತು. ಯಾರ ತಪ್ಪೂ ಅಲ್ಲ. ಅವನು ಒಮ್ಮೆ ಕೂಗಿದ, ಅಷ್ಟೇ. ದಿನೇಶ ಅವನ ಹೆಣದ ಪೆಟ್ಟಿಗೆಯ ಜೊತೆಯಲ್ಲೇ ಊರಿಗೆ ಬಂದ, ತಿರುಗಿ ಹೋಗಲಿಲ್ಲ. ಎರಡು ವಸ್ತುಗಳ ನಡುವಿನ ಸಂದು ಕಿರಿದಾಗುವುದನ್ನು ಕಂಡರೆ ಸಾಕು, ಆ ಕೂಗು ಅವನ ಕಿವಿಯಲ್ಲಿ ಎದ್ದು ಕೂರುತ್ತಿತ್ತು. ಹಿಡಿದದ್ದನ್ನು ಅಲ್ಲೇ ಬಿಟ್ಟು ಬದಿಗೆ ಸರಿಯುತ್ತಿದ್ದ.

ಊರಲ್ಲಿ ಅವನು ಒಂದು ಸಣ್ಣ ಫೈಬರ್ ದೋಣಿ ಇಟ್ಟುಕೊಂಡು ಶರಾವತಿಯ ಒಳಗಷ್ಟೇ ಬಲೆ ಬಿಡುತ್ತಿದ್ದ. ನದಿ ಸಮುದ್ರ ಸೇರುವ ಅಳಿವೆಯನ್ನು ದಾಟುತ್ತಿರಲಿಲ್ಲ. ಹೊನ್ನಾವರದ ಅಳಿವೆ ನಂಬುವಂಥದ್ದಲ್ಲ. ಇಂದು ಆಳವಿದ್ದಲ್ಲಿ ನಾಳೆ ಮರಳದಿಬ್ಬ, ಅದರ ಮೇಲೆ ಮುರಿಯುವ ತೆರೆ. ಆದರೆ ತಮ್ಮ ಲೋಕೇಶ ದಿನಾ ದಾಟುತ್ತಿದ್ದ. ತಮ್ಮ ವಾಪಸು ಬರುವ ಹೊತ್ತಿಗೆ ದಿನೇಶ ಏನಾದರೂ ನೆಪ ಮಾಡಿಕೊಂಡು ಅಳಿವೆಯ ಒಳಮಗ್ಗುಲಲ್ಲೇ ಬಲೆ ಬಿಟ್ಟು ಕೂರುತ್ತಿದ್ದ. ಅಲ್ಲಿ ಮೀನು ಸಿಗುವುದಿಲ್ಲ ಎಂದು ಅವನಿಗೂ ಗೊತ್ತಿತ್ತು, ಕವಿತಾಗೂ ಗೊತ್ತಿತ್ತು.

ಮಳೆಗಾಲದ ಮೀನುಗಾರಿಕೆಯ ಬಂದ್ ಮುಗಿದು ದೋಣಿಗಳು ಹೊರಗೆ ಬೀಳತೊಡಗಿದ ದಿನಗಳು. ಒಂದು ಮಧ್ಯಾಹ್ನ ಲೋಕೇಶನ ದೋಣಿ ಅಳಿವೆಯ ಬಾಯಿಗೆ ಬಂದದ್ದೇ ಎಂಜಿನ್ ಕೆಮ್ಮಿ ನಿಂತಿತು. ದೋಣಿಯಲ್ಲಿ ನಾಲ್ಕು ಜನ. ತೆರೆ ಅದನ್ನು ಅಡ್ಡ ತಿರುಗಿಸಿ ದಿಬ್ಬದ ಕಡೆಗೆ ಒಯ್ಯತೊಡಗಿತು. ದಿಬ್ಬ ತಾಗಿದರೆ ಮುಂದಿನ ತೆರೆಗೇ ದೋಣಿ ಮಗುಚುತ್ತದೆ. ಮಗುಚಿದ ಮೇಲೆ ಈಜು ಬಂದರೂ ಒಂದೇ, ಬಾರದಿದ್ದರೂ ಒಂದೇ.

ದಿನೇಶ ಬಲೆಯನ್ನು ಕೊಯ್ದು ಎಸೆದು ಎಂಜಿನ್ ಚಾಲೂ ಮಾಡಿದ. ಹಗ್ಗ ಎಸೆದು ಎಳೆಯುವುದು ನಮ್ಮಲ್ಲಿನ ರೂಢಿ. ಅವನೂ ಅದನ್ನೇ ಮಾಡಿದ. ಆದರೆ ಅಡ್ಡ ಬಿದ್ದ ದೋಣಿಗೆ ಹಗ್ಗ ಬಿಗಿಯಾದದ್ದೇ ತಡ, ಅದು ಒಂದು ಮಗ್ಗುಲಿಗೆ ವಾಲಿ ಬಕೆಟ್ಟುಗಟ್ಟಲೆ ನೀರು ತುಂಬಿಕೊಂಡಿತು. ಬಿಡು ಬಿಡು ಎಂದು ನಾಲ್ವರೂ ಬೊಬ್ಬೆ ಹಾಕಿದರು. ಅವನು ಹಗ್ಗ ಕೊಯ್ದ. ಇನ್ನು ಉಳಿದದ್ದು ಒಂದೇ ದಾರಿ. ದಿಬ್ಬದ ಕಡೆಯಿಂದ ಬಂದು, ಆ ದೋಣಿಯ ಪಕ್ಕೆಗೆ ತನ್ನ ದೋಣಿಯ ಮೂತಿ ಇಟ್ಟು, ಆಳದ ಕಡೆಗೆ ನೂಕಬೇಕು.

ಹಿಂದೆ ತಿರುಗಿ ಯಾವುದಾದರೂ ದೊಡ್ಡ ದೋಣಿ ಬರುತ್ತಿದೆಯೇ ಎಂದು ನೋಡಿದ. ಇರಲಿಲ್ಲ. ತಾನು ಓಡಿಹೋಗಬಹುದು ಎಂಬ ಯೋಚನೆಯೂ ಬಂತು, ಸುಳ್ಳೇಕೆ. ಆಯಿ ಗಣಪಿಯ ಮುಖ ನೆನಪಾಯಿತು, ಕಿರಿಮಗ ಎಂದರೆ ಆಕೆಗೆ ಜೀವ. ಅವನು ಎಂಜಿನ್ನಿನ ಹಿಡಿಯನ್ನು ತಿರುಗಿಸಿದ.

ಹತ್ತಿರವಾದಂತೆ ಲೋಕೇಶ ಅವನ ಉಪಾಯ ಅರಿತ. ಫೈಬರ್ ಫೈಬರ್‌ಗೆ ಬಡಿದರೆ ಎರಡೂ ಒಡೆಯುತ್ತವೆ. ಅವನ ದೋಣಿಯ ಪಕ್ಕೆಗೆ ಕಟ್ಟಿದ್ದ ಹಳೆಯ ಟಯರಿನ ಹಗ್ಗ ಕೊಳೆತು ಹರಿದಿತ್ತು. ಲೋಕೇಶ ದೋಣಿಯ ಅಂಚಿನ ಮೇಲೆ ಹೊಟ್ಟೆಯಡಿ ಮಾಡಿ ಮಲಗಿ, ಟಯರನ್ನು ಎರಡೂ ಕೈಯಲ್ಲಿ ಹೊರಗೆ ಇಳಿಬಿಟ್ಟು ಹಿಡಿದ. ಅದನ್ನು ಕಂಡು ದಿನೇಶ ಬೊಬ್ಬೆ ಹಾಕಿದ.

"ಕೈ ತೆಗಿ! ಲೋಕೇಶಾ, ಕೈ ತೆಗಿ!"

"ನೀ ಬಾ ಅಣ್ಣಾ. ನಾ ಹಿಡ್ಕಂಡಿದ್ದೆ."

ಅಷ್ಟರಲ್ಲಿ ತೆರೆಯೊಂದು ದಿನೇಶನ ದೋಣಿಯ ಮೂತಿಯನ್ನು ಎತ್ತಿತು. ಹಿಂದೆ ಎಂಜಿನ್ ಹಿಡಿದು ಕೂತವನಿಗೆ ಮುಂದೆ ಏನೂ ಕಾಣಲಿಲ್ಲ. ತಮ್ಮನೂ ಇಲ್ಲ, ಟಯರೂ ಇಲ್ಲ, ಬರೀ ತನ್ನದೇ ದೋಣಿಯ ನೀಲಿ ಮೂತಿ. ಅವನು ಎಂಜಿನ್ ತಗ್ಗಿಸಿ ಕಾದ. ಮೂತಿ ಇಳಿಯಿತು, ಮೆತ್ತಗೆ ಎಲ್ಲೋ ತಾಗಿತು. ಯಸ್ಲಾನ್, ಎಂದು ತನಗೆ ತಾನೇ ಹೇಳಿಕೊಂಡ. ಕೂಗು ಬರುತ್ತದೆಯೇ ಎಂದು ಕಿವಿಗೊಟ್ಟ. ಬರಲಿಲ್ಲ. ದೋಣಿಯನ್ನು ಹಾಗೇ ಆನಿಸಿಟ್ಟುಕೊಂಡು ಮುಂದಿನ ತೆರೆ ದಾಟಲು ಬಿಟ್ಟ. ಆಗಲೂ ಕೂಗಿಲ್ಲ. ಹಾಗಿದ್ದರೆ ಕೈ ತೆಗೆದಿದ್ದಾನೆ, ದೇವರ ದಯೆ ಎಂದುಕೊಂಡು ಎಂಜಿನ್ನಿಗೆ ಮೆಲ್ಲಮೆಲ್ಲಗೆ ಬಲ ಕೊಡುತ್ತ ಹೋದ. ಯೂಕ್ಲೆನ್, ಯೂಕ್ಲೆನ್. ಜಪದ ಹಾಗೆ ಅದೊಂದೇ ಮಾತು. ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಉಪ್ಪುನೀರು ಯಾವುದು ಕಣ್ಣೀರು ಯಾವುದು ಎಂದು ನೋಡುವವರು ಅಲ್ಲಿ ಯಾರಿದ್ದರು? ಪ್ರತಿ ತೆರೆಗೂ ಈಗ ಕೂಗುತ್ತಾನೆ, ಈಗ ಕೂಗುತ್ತಾನೆ ಎಂದು ಅವನ ಮೈ ಸೆಟೆಯುತ್ತಿತ್ತು. ಕೂಗಿದರೆ ತಾನು ಎಂಜಿನ್ ಬಿಟ್ಟೇಬಿಡುತ್ತೇನೆ ಎಂಬುದು ಅವನಿಗೆ ಖಾತ್ರಿಯಿತ್ತು.

ಲೋಕೇಶನ ದೋಣಿ ಇಂಚಿಂಚಾಗಿ ದಿಬ್ಬ ಬಿಟ್ಟು ಜರುಗಿತು. ಆಳಕ್ಕೆ ಬಂದಾಗ ತಾನಾಗಿಯೇ ನೆಟ್ಟಗೆ ತಿರುಗಿತು. ತೆರೆಯ ಸದ್ದು ಹಿಂದೆ ಬಿತ್ತು. ನದಿಯ ನೀರು ಮೆತ್ತಗಿತ್ತು.

ದಡ ಸೇರಿದಾಗ ಟೊಂಕ ಕೇರಿಯ ಜನ ಓಡಿ ಬಂದರು. ಉಳಿದ ಮೂವರು ಜಿಗಿದು ದಿನೇಶನನ್ನು ತಬ್ಬಿದರು. ಯಾರೋ ಅವನ ಬೆನ್ನು ತಟ್ಟಿದರು, ಇನ್ಯಾರೋ ಬೀಡಿ ಹಚ್ಚಿ ಬಾಯಿಗಿಟ್ಟರು. ಲೋಕೇಶ ಮಾತ್ರ ದೋಣಿಯಿಂದ ಇಳಿಯಲಿಲ್ಲ. ತಲೆಗೆ ಸುತ್ತುವ ಟವೆಲನ್ನು ಬಲಗೈಗೆ ಸುತ್ತಿ, ಕಂಕುಳಲ್ಲಿ ಒತ್ತಿ ಹಿಡಿದು ಕೂತಿದ್ದ. ಮುಖ ಸುಣ್ಣ ಬಳಿದ ಗೋಡೆಯಾಗಿತ್ತು. ಟವೆಲಿನಿಂದ ಅಂಗಿಯ ಮೇಲೆ ಕೆಂಪು ಇಳಿಯುತ್ತಿತ್ತು.

"ಎಂತ ಆತು ಕೈಗೆ?"

"ಎಂತ ಇಲ್ಲ."

ದಿನೇಶ ದೋಣಿ ಹತ್ತಿ ಟವೆಲ್ ಬಿಡಿಸಿದ. ಎರಡು ಬೆರಳು ಜಜ್ಜಿ ಹೋಗಿದ್ದವು. ಅವು ಮತ್ತೆ ಬೆರಳಾಗುವುದಿಲ್ಲ ಎಂದು ಯಾರಿಗಾದರೂ ತಿಳಿಯುವ ಹಾಗಿತ್ತು. ಯಾವಾಗ ಆಯಿತು ಎಂದು ಅವನು ಕೇಳಿದ. ಮೊದಲ ಸಲ ಮೂತಿ ತಾಗಿದಾಗಲೇ ಟಯರು ಜಾರಿತು, ಕೈ ನಡುವೆ ಸಿಕ್ಕಿತು ಎಂದು ಲೋಕೇಶ ಕೆಳಗೆ ನೋಡುತ್ತ ಹೇಳಿದ. ಅಷ್ಟು ಹೊತ್ತೂ, ಆಳ ಸಿಗುವ ತನಕವೂ, ಆ ಕೈ ಅಲ್ಲೇ ಇತ್ತು.

"ಕೂಗೂಕೆ ಎಂತ ಆಗಿತ್ತು ನಿಂಗೆ?" ದಿನೇಶನ ದನಿ ಸೀಳಿತು.

ಲೋಕೇಶ ತಲೆಯೆತ್ತಿ ಅಣ್ಣನನ್ನು ನೋಡಿದ.

"ಕೂಗಿದ್ರೆ ನೀ ಬಿಡ್ತಿದ್ದೆ."

ದಿನೇಶ ಅಲ್ಲೇ ದೋಣಿಯ ತಳದ ನೀರಿನಲ್ಲಿ ಕುಸಿದು ಕೂತ. ರಿಕ್ಷಾ ತರಲು ಓಡಿದವರು ಬರುವವರೆಗೂ ಅವನು ಆ ಕೈಯನ್ನು ತನ್ನ ಎದೆಗೆ ಆನಿಸಿಕೊಂಡು ಬಾಯಿಬಿಟ್ಟು ಅಳುತ್ತಿದ್ದ. ಪೆಟ್ಟು ತಿಂದ ತಮ್ಮನೇ ಎಡಗೈಯಿಂದ ಅವನ ಬೆನ್ನು ಸವರುತ್ತ, ಆತು ಅಣ್ಣ, ಆತು, ಎಲ್ಲರೂ ಬಂದೆವಲ್ಲ ಎಂದು ಸಮಾಧಾನ ಮಾಡಬೇಕಾಯಿತು.