ವಿದ್ಯಾನಗರದ ಅಂತಾರಾಷ್ಟ್ರೀಯ ಓದುಗರು

ಅವರ ಎಡಗೆನ್ನೆ ಸದಾ ಉಬ್ಬಿರುತ್ತಿತ್ತು. ಹೊಸಬರು ಹಲ್ಲುನೋವೆಂದು ತಿಳಿದು ಮರುಗುತ್ತಿದ್ದರು. ದಂತವೈದ್ಯರ ವಿಳಾಸ ಬರೆದುಕೊಟ್ಟವರೂ ಉಂಟು. ಒಳಗಿದ್ದದ್ದು ಬೆಲ್ಲದ ಹರಳು. ಅದನ್ನು ಕೆನ್ನೆಯಲ್ಲಿ ಒತ್ತಿಟ್ಟುಕೊಂಡು ಹಾಲಿಲ್ಲದ ಚಹಾ ಕುಡಿಯುವುದು ನಮ್ಮ ಪಕ್ಕದ ಮನೆಯ ಕಾಕಾರ ಪದ್ಧತಿ. ಪದ್ಧತಿ ಅಜರ್‌ಬೈಜಾನ್ ದೇಶದ್ದು. ಅಲ್ಲಿ ಸಕ್ಕರೆಯ ತುಂಡು ಇಟ್ಟುಕೊಳ್ಳುತ್ತಾರಂತೆ. ಬೆಲ್ಲ ಹುಬ್ಬಳ್ಳಿಯ ತಿದ್ದುಪಡಿ.

ಕಾಕಾ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದವರು. ಪುಣೆಯ ಆಚೆಗೆ ಕಾಲಿಟ್ಟವರಲ್ಲ. ತೊಂಬತ್ತರ ದಶಕದ ಕೊನೆಯಲ್ಲಿ, ಎಣ್ಣೆಬಾವಿಯ ಕೆಲಸಕ್ಕೆಂದು ಅಜರ್‌ಬೈಜಾನಿನ ಬಾಕು ನಗರಕ್ಕೆ ಹೋಗಿದ್ದ ಹಳೆಯ ಶಿಷ್ಯನೊಬ್ಬ ಗುರುದಕ್ಷಿಣೆಯಾಗಿ ಅವರಿಗೊಂದು ಪತ್ರಿಕೆಯ ಚಂದಾ ಕಟ್ಟಿದ. ಅಲ್ಲಿಯ ಸಂಸ್ಕೃತಿಯ ಬಗ್ಗೆ ನಾಲ್ಕಾರು ಜನ ಸೇರಿ, ಸರಕಾರದ ಹಂಗಿಲ್ಲದೆ ಇಂಗ್ಲಿಷಿನಲ್ಲಿ ಹೊರಡಿಸುತ್ತಿದ್ದ ಪತ್ರಿಕೆ. ‘ಅಂತಾರಾಷ್ಟ್ರೀಯ ಓದುಗರಿಗಾಗಿ’ ಎಂದು ಮುಖಪುಟದಲ್ಲಿ ಅಚ್ಚಾಗಿರುತ್ತಿತ್ತು. ಕಾಕಾ ಅದನ್ನು ನೇಮಕಾತಿಯ ಆದೇಶವೆಂದೇ ಸ್ವೀಕರಿಸಿದರು. ಸಂಚಿಕೆ ಬಂದ ದಿನ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ವರಾಂಡದಲ್ಲಿ ಕೂತು, ಗಾಲೀಚೆಯ ನೇಯ್ಗೆಯಿಂದ ದಾಳಿಂಬೆಯ ಸಾರಿನವರೆಗೆ ಒಂದಕ್ಷರ ಬಿಡದೆ ಓದುತ್ತಿದ್ದರು. ಆ ಜನ ಬಜಾರಕ್ಕೆ ಬಜಾರ, ದುಕಾನಕ್ಕೆ ದುಕಾನ ಎಂದೇ ಅನ್ನುತ್ತಾರೆಂದು ತಿಳಿದ ದಿನ ಕಾಂಪೌಂಡ್ ಗೋಡೆಯ ಬಳಿ ನನ್ನನ್ನು ಕರೆದರು. “ಎಷ್ಟ ದೂರ ಹೋದ್ರೂ ನಡುವ ಎಲ್ಲೋ ನಮ್ಮ ದುರ್ಗದ ಬೈಲ ಬಜಾರ ಬಂದ ಬಿಡ್ತದ ನೋಡ, ತಂಗಿ.”

ಆ ಹೊತ್ತಿಗೆ ನಾನು ಎಂ.ಎ. ಮೊದಲ ವರ್ಷದಲ್ಲಿದ್ದೆ. ಮನೆಗೆ ಒಂದು ಸಂಬಂಧ ಬಂದಿತ್ತು. ಹುಡುಗನಲ್ಲಿ ಐಬಿರಲಿಲ್ಲ, ಇದ್ದಿದ್ದರೆ ಹೇಳುವುದು ಸುಲಭವಾಗುತ್ತಿತ್ತು. ಮದುವೆಯಾದ ಮೇಲೆ ಓದು ಯಾತಕ್ಕೆ ಎಂದು ಆತ ಅಪ್ಪನನ್ನು ಸೌಜನ್ಯದಿಂದಲೇ ಕೇಳಿದ್ದ. ನಮ್ಮ ಮನೆಯಲ್ಲಿ ಹುಡುಗಿಯ ಮೌನಕ್ಕೆ ‘ಹೂಂ’ ಎಂದೇ ಅರ್ಥ. ನಾನು ಸುಮ್ಮನಿದ್ದೆ, ಮಾತು ಮುಗಿಸಲು ಗಂಡಿನ ಕಡೆಯವರು ಬರುವ ದಿನವೂ ನಿಗದಿಯಾಯಿತು.

ಅದರ ಹಿಂದಿನ ಸಂಜೆ ಗೋಡೆಯ ಬಳಿ ನನ್ನ ಮುಖ ನೋಡಿ ಕಾಕಾ ಏನೂ ಕೇಳಲಿಲ್ಲ. ಪತ್ರಿಕೆಯಲ್ಲಿ ಓದಿದ್ದೊಂದನ್ನು ಹೇಳಿದರು. ಅಲ್ಲಿ ಹೆಣ್ಣು ಕೇಳಲು ಬಂದವರಿಗೆ ಸಿಹಿ ಚಹಾ ಕೊಟ್ಟರೆ ಒಪ್ಪಿಗೆ, ಸಕ್ಕರೆ ಹಾಕದ್ದು ಕೊಟ್ಟರೆ ಇಲ್ಲ. ಬಾಯಿ ಬಿಟ್ಟು ಯಾರೂ ಹೇಳಬೇಕಾಗಿಲ್ಲ.

“ನಾಳೆ ಚಹಾ ಮಾಡಾಕಿ ನೀನೇ ಹೌದಲ್ಲ?” ಎಂದರು.

ಮರುದಿನ ಕಾಕಾ ನೆರೆಯ ಹಿರಿಯರಾಗಿ ನಮ್ಮ ಸೋಫಾದಲ್ಲಿ ಕೂತಿದ್ದರು, ಕೆನ್ನೆ ಉಬ್ಬಿಸಿಕೊಂಡೇ. ನಾನು ಸಕ್ಕರೆಯಿಲ್ಲದ ಚಹಾ ತಂದೆ. ಹುಡುಗ ಒಂದು ಗುಟುಕು ಕುಡಿದು ಸಂಸ್ಕಾರವಂತನಂತೆ ನುಂಗಿದ. ಅಪ್ಪ, ಅವ್ವನ ಕಡೆ ನೋಡಿದರು. ಹುಡುಗನ ತಂದೆ ಮಾತ್ರ ಬಶಿಗೆ ಸುರುವಿಕೊಂಡು ಸೊರ್ರನೆ ಹೀರಿ, ಅರಳಿದ ಮುಖದಿಂದ ಅಂದರು: “ನನಗ ಶುಗರ್ ಐತಂತ ಯಾರ ಹೇಳಿದ್ರಿ ನಿಮಗ? ಇಷ್ಟ ಕಾಳಜಿ ಮಾಡೋ ಸೊಸಿ ಸಿಗಬೇಕಂದ್ರ ಪುಣ್ಯ ಮಾಡಿರಬೇಕ್ರಿ.”

ಹೀಗೆ ಒಂದು ದೇಶದ ಪುರಾತನ ಸಂಪ್ರದಾಯವು ವಿದ್ಯಾನಗರದಲ್ಲಿ ಬುಡಮೇಲಾಯಿತು. ತಾಂಬೂಲದ ತಟ್ಟೆ ಮುಂದೆ ಬಂತು.

ಕಾಕಾ ಕೆನ್ನೆಯೊಳಗಿನ ಬೆಲ್ಲ ತೆಗೆದು ಬಶಿಯಂಚಿಗಿಟ್ಟರು. ಅವರ ಎರಡೂ ಕೆನ್ನೆ ಸಮನಾಗಿದ್ದನ್ನು ಅಂದೇ ನಾನು ಮೊದಲು ನೋಡಿದ್ದು.

“ಶುಗರ್ ಸಲುವಾಗಿ ಅಲ್ರಿ ಅದು,” ಎಂದರು. “ಹುಡುಗಿ ಒಲ್ಲೆ ಅಂದಾಳ.”

ಅಪ್ಪ ನನ್ನ ಕಡೆ ತಿರುಗಿದರು. “ಖರೇನ?” ಎಂದರು. ಆ ಮದುವೆಯ ವಿಷಯದಲ್ಲಿ ನನ್ನನ್ನು ಯಾರಾದರೂ ಕೇಳಿದ ಮೊದಲ ಪ್ರಶ್ನೆ ಅದು.

“ಹೌದ್ರಿ ಅಪ್ಪಾ. ಒಲ್ಲೆ.”

ಹುಡುಗನ ತಂದೆ ಬಶಿ ಮುಂದೆ ಚಾಚಿದರು. “ಇರ್ಲಿ ತಗೋವಾ. ಇನ್ನರ್ಧ ಕಪ್ ಹಾಕು. ಇಂಥಾ ಚಹಾ ನಮ್ಮ ಮನ್ಯಾಗ ಯಾರೂ ಕೊಡೂದಿಲ್ಲ.”

ಅಪ್ಪ ಬಹಳ ದಿನ ಕಾಕಾರೊಡನೆ ಮಾತು ಬಿಟ್ಟಿದ್ದರು. ನನ್ನ ಎಂ.ಎ. ಮುಗಿಯಿತು, ಧಾರವಾಡದ ಕಾಲೇಜೊಂದರಲ್ಲಿ ಕೆಲಸ ಸಿಕ್ಕಿತು. ಪೇಡೆಯ ಪೊಟ್ಟಣ ಹಿಡಿದು ಗೋಡೆಯ ಬಳಿ ಹೋದವರು ಅಪ್ಪನೇ. ಅಷ್ಟರಲ್ಲಿ ಪತ್ರಿಕೆ ನಿಂತುಹೋಗಿತ್ತು. ತಾನು ಇನ್ನಷ್ಟು ಮನಸ್ಸಿಟ್ಟು ಓದಬೇಕಿತ್ತೆಂದು ಕಾಕಾ ಹಳಹಳಿಸುತ್ತಿದ್ದರು. ಹೊಣೆಯೆಲ್ಲ ತನ್ನೊಬ್ಬನದೇ ಎಂಬ ಭಾವ ಅವರಿಗೆ.

ಕೊನೆಗೆ ಅವರಿಗೂ ಶುಗರ್ ಬಂತು. ಬೆಲ್ಲ ನಿಂತಿತು, ಕೆನ್ನೆ ಇಳಿಯಿತು. ತೀರಿಕೊಳ್ಳುವ ಮುಂಚಿನ ವಾರ ನೋಡಲು ಹೋದಾಗ ನಾನೇ ಚಹಾ ಮಾಡಿಕೊಟ್ಟೆ, ಡಾಕ್ಟರು ಹೇಳಿದಂತೆ ಸಕ್ಕರೆ ಹಾಕದೆ. ಒಂದು ಗುಟುಕು ಕುಡಿದು ನನ್ನನ್ನೇ ನೋಡಿದರು.

“ಅಂದ್ರ, ಒಲ್ಲೆ ಅಂತಿ.”

“ಹೂನ್ರಿ ಕಾಕಾ. ಒಲ್ಲೆ.”

“ಈ ಸಲ ನನ್ನ ಕರಕೊಂಡ ಹೋಗಾವರು ನಿನ್ನ ಕೇಳೂದಿಲ್ಲಲ್ಲ, ತಂಗಿ,” ಎಂದು ನಕ್ಕು, ಉಳಿದದ್ದನ್ನು ನಿಧಾನವಾಗಿ ಕುಡಿದು ಮುಗಿಸಿದರು.