ಕನ್ನಡಿಯ ಮುಖ ಯಾವ ಕಡೆಗಿತ್ತು

ಹಿಟ್ಟು ನಾದಿದ ಕೂಡಲೇ ಅದರಲ್ಲಿ ನಿಂಬೆಹಣ್ಣಿನಷ್ಟು ಕಿತ್ತು ಬೇರೆ ಇಡುವುದು ಗಾಜಕ್ಕನ ರೂಢಿ. ಆ ಉಂಡೆ ತಿನ್ನುವುದಕ್ಕಲ್ಲ. ಅದನ್ನು ಹಿಡಿದುಕೊಂಡು ಅವಳು ಮನೆಯ ಮುಂಭಾಗದ ಅಂಗಡಿಗೆ ಬರುತ್ತಾಳೆ. ಮೊಣಕಾಲೂರಿ, ಗಾಜು ಕತ್ತರಿಸುವ ಮೇಜಿನ ಸುತ್ತ ಅದನ್ನು ನೆಲಕ್ಕೆ ಒತ್ತುತ್ತಾ ಹೋಗುತ್ತಾಳೆ. ಪೊರಕೆಗೆ ಸಿಗದ, ಕಣ್ಣಿಗೂ ಕಾಣದ ಗಾಜಿನ ಚೂರುಗಳು ಹಿಟ್ಟಿಗೆ ಅಂಟಿಕೊಂಡು ಬರುತ್ತವೆ. "ದೇವರೇ, ಇವತ್ತು ಯಾರ ಕಾಲಿಗೂ ಚುಚ್ಚದಿರಲಿ" ಎಂದು ಬಾಯೊಳಗೇ ಅಂದುಕೊಳ್ಳುತ್ತಾಳೆ. ಜ್ವರ ಬಂದ ದಿನವೂ ಇದನ್ನು ಬಿಟ್ಟಿಲ್ಲ. ಅಪಘಾತವಾದ ಮೇಲೆ ಅಂಗಡಿಯಲ್ಲಿ ಗಾಜು ಕತ್ತರಿಸುವ ಕೆಲಸವೇ ನಿಂತಿತ್ತು, ಚೂರು ಬೀಳುವ ಮಾತೇ ಇರಲಿಲ್ಲ. ಆಗಲೂ ಬಿಡಲಿಲ್ಲ.

"ಏನೇ ಹುಡುಕ್ತಿದೀಯಾ ಅಲ್ಲಿ, ಉದುರಿದ ನನ್ನ ಹಲ್ಲಾ?" ಎಂದು ಒಳಗಿನ ಮಂಚದಿಂದ ಗಂಡ ಕೂಗುತ್ತಿದ್ದ. ಅವನ ಕಾಲು ತೊಡೆಯಿಂದ ಪಾದದವರೆಗೆ ಪಟ್ಟಿಯಲ್ಲಿತ್ತು. ಮೂಳೆ ಸರಿಯಾಗಿ ಕೂಡಿಕೊಂಡಿಲ್ಲ, ಇನ್ನೊಂದು ಆಪರೇಷನ್ ಆಗದಿದ್ದರೆ ಮೇಜಿನ ಮುಂದೆ ನಿಂತು ಕೆಲಸ ಮಾಡುವುದನ್ನು ಮರೆತುಬಿಡಿ ಎಂದು ಡಾಕ್ಟರು ಹೇಳಿದ್ದರು. ಆ ಆಪರೇಷನ್‌ಗೆ ಇದ್ದದ್ದು ಒಂದೇ ದಾರಿ. ಗುದ್ದಿದ ಟ್ಯಾಕ್ಸಿಯ ಇನ್ಶೂರೆನ್ಸ್‌ನಿಂದ ಬರಬೇಕಾದ ಪರಿಹಾರ.

ಗಾಜಕ್ಕ ಎನ್ನುವುದು ಬೀದಿಯವರು ಇಟ್ಟ ಹೆಸರು. ಗಂಡ ಕತ್ತರಿಸುತ್ತಾನೆ, ಇವಳು ಅಳತೆ ತರುತ್ತಾಳೆ, ಅಂಚು ಉಜ್ಜುತ್ತಾಳೆ. ಮಾಲು ತಲುಪಿಸುವಾಗ ಸ್ಕೂಟರಿನ ಹಿಂದೆ ಪಕ್ಕಕ್ಕೆ ತಿರುಗಿ ಕೂತು ಅದನ್ನು ಹಿಡಿದುಕೊಳ್ಳುವವಳೂ ಇವಳೇ. ಹಿಡಿಯುವುದಕ್ಕೊಂದು ಕ್ರಮವಿದೆ. ಬುಡವನ್ನು ಕಾಲಿಡುವ ಪಟ್ಟಿಯ ಮೇಲೆ ನಿಲ್ಲಿಸಬೇಕು, ಎರಡು ಕೈಯಲ್ಲೂ ಅಂಚು ಹಿಡಿಯಬೇಕು, ಕನ್ನಡಿಯಾದರೆ ಅದರ ಮುಖ ತನ್ನ ಕಡೆಗೆ, ಬೆನ್ನು ರಸ್ತೆಗೆ. ಮೇಲೊಂದು ಹಳೆಯ ಕಂಬಳಿ. ಕಂಬಳಿ ಹೊದಿಸಿ ಕಟ್ಟುವುದು ಗಂಡನ ಪಾಲಿನ ಕೆಲಸ, ಮುಖ ಒಳಗಿಡುವುದು ಇವಳ ಪಾಲಿನದು. ಒಂದು ತಪ್ಪಿದರೂ ಇನ್ನೊಂದು ಕಾಯುತ್ತದೆ. ಆ ದಿನ ಎರಡೂ ತಪ್ಪಿದವು.

ಅದು ಹೊಸದಾಗಿ ತೆರೆಯಲಿದ್ದ ಒಂದು ಸಲೂನಿನ ಕನ್ನಡಿ. ಗಂಡ ಅದನ್ನು ಒಂದು ಬೆರಳಿನಷ್ಟು ಗಿಡ್ಡವಾಗಿ ಕತ್ತರಿಸಿಬಿಟ್ಟಿದ್ದ. ಬೆಳಿಗ್ಗೆ ಸಲೂನಿನವನು ಬಂದು ನೋಡಿ ಹುಬ್ಬು ಗಂಟಿಕ್ಕಿದಾಗ, "ನಮ್ಮವಳು ಅಳತೆ ತಪ್ಪು ತಂದಿದಾಳೆ ಸಾರ್, ಏನ್ ಮಾಡೋದು, ಕಟ್ಕೊಂಡಾಯ್ತು" ಎಂದು ನಕ್ಕ. ಹೆಂಡತಿಯ ಮೇಲೆ ಹಾಕಿದರೆ ಗಿರಾಕಿಯೂ ನಕ್ಕು ತಣ್ಣಗಾಗುತ್ತಾನೆ ಎನ್ನುವುದು ಅವನ ಉಪಾಯ. ಗಿರಾಕಿ ನಕ್ಕ. ಗಾಜಕ್ಕ ತಂದ ಅಳತೆ ಸರಿಯಾಗಿಯೇ ಇತ್ತು. ಅವಳು ಇಡೀ ದಿನ ಅಂಚು ಉಜ್ಜುತ್ತಾ ಕೂತಳು, ಮೂಗು ಒರೆಸಿಕೊಳ್ಳುತ್ತಾ.

ಎರಡನೆಯ ಕನ್ನಡಿ ಸಿದ್ಧವಾಗುವಷ್ಟರಲ್ಲಿ ಹೊತ್ತು ಇಳಿದಿತ್ತು. ಗಂಡನಿಗೆ ಅವಸರ. ಕಂಬಳಿ ಗೂಟದಲ್ಲೇ ಉಳಿಯಿತು. ಗಾಜಕ್ಕ ಹಿಂದೆ ಕೂತು ಕನ್ನಡಿ ಎತ್ತಿ ನಿಲ್ಲಿಸಿದಾಗ ಎದುರಿಗೆ ತನ್ನದೇ ಮುಖ. ಊದಿದ ಕಣ್ಣು, ಕೆಂಪಗಾದ ಮೂಗು. ದಾರಿಯುದ್ದಕ್ಕೂ ಇದನ್ನು ನೋಡಿಕೊಂಡು ಹೋಗುವುದು ಯಾರಿಂದಾದೀತು? ಅವಳು ಕನ್ನಡಿಯನ್ನು ಹೊರಕ್ಕೆ ತಿರುಗಿಸಿದಳು.

ಟೈರ್ ಅಂಗಡಿಯ ಮೂಲೆಯಲ್ಲಿ, ಅಡ್ಡರಸ್ತೆಯಿಂದ ಟ್ಯಾಕ್ಸಿಯೊಂದು ಬರುವುದು ಕನ್ನಡಿಯ ಅಂಚಿನ ಮೇಲಿನಿಂದ ಅವಳಿಗೆ ಕಂಡಿತು. ಅದರ ಬೆನ್ನಿಗೆ ಇಳಿಬಿಸಿಲು. ನಿಧಾನಿಸುತ್ತಾನೆ ಎಂದುಕೊಂಡಳು. ಅವನು ನಿಧಾನಿಸಲಿಲ್ಲ. ಮತ್ತೆ ಕಣ್ಣು ಬಿಟ್ಟಾಗ ರಸ್ತೆಯ ತುಂಬಾ ಆಕಾಶದ ಚೂರುಗಳು ಬಿದ್ದಿದ್ದವು. ಅವಳ ಕೈ ಅಲ್ಲಲ್ಲಿ ಕೊಯ್ದಿತ್ತು, ಗಂಡ ಸ್ಕೂಟರಿನ ಅಡಿಯಲ್ಲಿದ್ದ. ಟ್ಯಾಕ್ಸಿಯವನು ಇಳಿದು ಕಣ್ಣುಜ್ಜಿಕೊಳ್ಳುತ್ತಾ, "ಬೆಳಕು... ಕಣ್ಣಿಗೆ ಬೆಳಕು ಹೊಡೀತು" ಅನ್ನುತ್ತಿದ್ದ. ಟೈರ್ ಅಂಗಡಿಯವನು ಅವನ ಕೊರಳಪಟ್ಟಿ ಹಿಡಿದು, "ಕುಡಿದಿದೀಯೇನೋ?" ಎಂದು ಅಲ್ಲಾಡಿಸಿದ. ಅವನು ಕುಡಿದಿರಲಿಲ್ಲ. ಆದರೆ ಬೆಳಕಿನ ಮಾತನ್ನು ಯಾರೂ ನಂಬಲಿಲ್ಲ. ಅಂದಿನಿಂದ ಆ ಮೂಲೆಯಲ್ಲಿ ಅವನ ಹೆಸರು ಬೆಳಕಪ್ಪ ಎಂದಾಯಿತು.

ಪರಿಹಾರದ ಕೇಸು ಹಿಡಿದ ವಕೀಲಮ್ಮನ ಕಚೇರಿ ಒಂದು ಬೇಕರಿಯ ಮೇಲಿನ ಮಹಡಿಯಲ್ಲಿತ್ತು. ಮೊದಲ ಸಲ ಹೋದಾಗ ಆಕೆ ಕಾಗದದಿಂದ ತಲೆ ಎತ್ತದೆ ಕೇಳಿದ್ದರು: "ಆ ಡ್ರೈವರ್ ಕಣ್ಣಿಗೆ ಬೆಳಕು ಬಿತ್ತು ಅಂತಾನೆ. ಕನ್ನಡಿ ಮುಖ ಯಾವ ಕಡೆ ಹಿಡ್ಕೊಂಡಿದ್ರಿ?"

"ಯಾವಾಗಲೂ ಒಳಗೇ ಹಿಡ್ಕೊಳ್ಳೋದು" ಎಂದಳು ಗಾಜಕ್ಕ.

ವಕೀಲಮ್ಮ ಅಷ್ಟನ್ನು ಬರೆದುಕೊಂಡು ಮುಂದಿನ ಪ್ರಶ್ನೆಗೆ ಹೋದರು. ಅವಳು ಹೇಳಿದ್ದು ಸುಳ್ಳಲ್ಲ. ಯಾವಾಗಲೂ ಒಳಗೇ ಹಿಡಿಯುತ್ತಿದ್ದಳು. ಮೆಟ್ಟಿಲಿಳಿಯುವಾಗ, ಅವತ್ತೊಂದು ದಿನ ಬಿಟ್ಟು, ಎಂದು ತನಗೆ ತಾನೇ ಸೇರಿಸಿಕೊಂಡಳು.

ಆಮೇಲೆ ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ. ಒಲೆಯ ಮೇಲೆ ಹಾಲಿಟ್ಟು ಅಂಗಡಿಗೆ ಬರುವಳು, ಒರೆಸಿದ ಶೋಕೇಸನ್ನೇ ಮತ್ತೆ ಒರೆಸುವಳು, ಹಾಲು ಉಕ್ಕಿದ ವಾಸನೆಗೆ ಒಳಗೆ ಓಡುವಳು. ದೇವರ ಮುಂದೆ ನಿಂತರೆ ಪ್ರಾರ್ಥನೆ ಅರ್ಧಕ್ಕೇ ನಿಲ್ಲುತ್ತಿತ್ತು. ನಿಜ ಹೊರಗೆ ಬರಲಿ ಎಂದು ಕೇಳಲು ಧೈರ್ಯವಿಲ್ಲ. ಕೇಸು ನಮ್ಮ ಕಡೆಗಾಗಲಿ ಎಂದು ಕೇಳಲು ನಾಚಿಕೆ. ಕೈ ಮುಗಿದು ಸುಮ್ಮನೆ ನಿಂತು, ಸುಮ್ಮನೆ ಹಿಂದಿರುಗುವಳು.

ಒಂದು ಸಂಜೆ, ಅಪಘಾತದ ದಿನದಿಂದ ಅಲ್ಲೇ ಬಿದ್ದಿದ್ದ ಜಖಂ ಆದ ಸ್ಕೂಟರ್ ಏನಾಯಿತೆಂದು ಕೇಳಲು ಟೈರ್ ಅಂಗಡಿಗೆ ಹೋದಳು. ಟೈರಣ್ಣ ಟ್ಯೂಬೊಂದನ್ನು ನೀರಿನಲ್ಲಿ ಮುಳುಗಿಸಿ ಗುಳ್ಳೆ ನೋಡುತ್ತಿದ್ದ.

"ಒಳ್ಳೇ ಹೊತ್ತಿಗೆ ಬಂದ್ರಿ ಅಕ್ಕ. ನೋಡಿ ಅಲ್ಲಿ, ನಮ್ಮ ಬೆಳಕಪ್ಪ. ದಿನಾ ಇದೇ ಹೊತ್ತಿಗೆ ಡ್ಯೂಟಿ."

ಅಡ್ಡರಸ್ತೆಯ ಬಾಯಲ್ಲಿ ಟ್ಯಾಕ್ಸಿಯವನು ಬಿಸಿಲಿಗೆ ಬೆನ್ನು ಮಾಡಿ ನಿಂತಿದ್ದ. ಮಾಲೀಕ ಟ್ಯಾಕ್ಸಿ ಕಿತ್ತುಕೊಂಡಿದ್ದ. ಈಗ ಎಲ್ಲೋ ಮೂಟೆ ಹೊರುತ್ತಿದ್ದಾನೆಂದು ಟೈರಣ್ಣ ಹೇಳಿದ.

"ಏನಪ್ಪಾ, ಇವತ್ತಾದ್ರೂ ಹೊಡೀತಾ ಬೆಳಕು?"

"ಇನ್ನೂ ಇಲ್ಲ ಅಣ್ಣ. ಆ ಮೇಲಿನ ಮನೆಯವರು ಕಿಟಕಿ ತೆಗೀತೀವಿ ಅಂದಿದಾರೆ. ಅವತ್ತಿನ ಬೆಳಕು ಅದರ ಗಾಜಿನಿಂದ್ಲೇ ಬಂದಿರ್ಬೇಕು."

ಎದುರಿನ ಮಹಡಿಯಲ್ಲಿ ಯಾರೋ ಕಿಟಕಿಯ ಬಾಗಿಲನ್ನು ತೆರೆದರು, ಮುಚ್ಚಿದರು. "ಇದಲ್ಲ" ಎಂದು ಅವನು ತಲೆಯಾಡಿಸಿದ. ಆಗಲೇ ಗಾಜಕ್ಕನನ್ನು ಕಂಡು ಎರಡು ಹೆಜ್ಜೆ ಹಿಂದೆ ಸರಿದ.

"ಅಕ್ಕ... ಯಜಮಾನರು ನಡೀತಿದಾರಾ?"

"ಇಲ್ಲ, ಇನ್ನೂ."

"ನಾನು ಇಲ್ಲಿ ನಿಲ್ಲಿಸ್ಬೇಕಿತ್ತು. ನಿಲ್ಲಿಸ್ಲಿಲ್ಲ. ಅದು ನನ್ನ ತಪ್ಪೇ, ಇಲ್ಲ ಅನ್ನಲ್ಲ. ಆದ್ರೆ ಬೆಳಕು ಹೊಡೆದಿದ್ದು ಸುಳ್ಳಲ್ಲ ಅಕ್ಕ. ನಿಮ್ಮ ಕನ್ನಡಿ ಮುಖ ಒಳಗಿತ್ತು ಅಂತಾರೆ, ಹಾಗಾದ್ರೆ ಎಲ್ಲಿಂದ ಬಂತೋ. ಮನೇಲಿ ಹೆಂಡತೀನೂ ನಂಬಲ್ಲ. ಈಗೀಗ ನನಗೇ ಅನುಮಾನ, ತಲೆ ಕೆಟ್ಟಿದೆಯೇನೋ ಅಂತ."

ಗಾಜಕ್ಕ ಸ್ಕೂಟರಿನ ಮಾತೆತ್ತದೆ ಹಿಂದಿರುಗಿದಳು. ದಾರಿಯಲ್ಲಿ ಯಾರೋ ಮಾತಾಡಿಸಿದರು. ಏನು ಉತ್ತರ ಕೊಟ್ಟಳೋ ಅವಳಿಗೇ ತಿಳಿಯಲಿಲ್ಲ.

ಮರುದಿನ ಮಧ್ಯಾಹ್ನ ಗಂಡನ ಕೈಗೆ ಚಹಾ ಕೊಟ್ಟು, ನಿಂತೇ ಹೇಳಿದಳು: "ಕನ್ನಡಿ ಮುಖ ಹೊರಗಿತ್ತು."

"ಯಾವ ಕನ್ನಡಿ?"

"ಬೀದಿಗೆ ಬಿದ್ದ ಕನ್ನಡಿ. ಅವನ ಕಣ್ಣಿಗೆ ಬೆಳಕು ಹೊಡೆದಿದ್ದು ನಿಜ."

ಚಹಾ ಅವನ ಬಾಯಿಯವರೆಗೆ ಹೋಗಿ ನಿಂತಿತು. "ಯಾಕೆ ಹೊರಗಿಟ್ಟೆ?"

"ನನ್ನ ಮುಖ ನೋಡೋ ಹಾಗಿರ್ಲಿಲ್ಲ. ಬೆಳಿಗ್ಗೆ ಆ ಸಲೂನಿನವನ ಮುಂದೆ ನೀವು ನನ್ನ ಮರ್ಯಾದೆ ತೆಗೆದಿದ್ರಿ."

"ಅಷ್ಟಕ್ಕೆ? ನಿನ್ನ ಮುನಿಸಿಗೆ ನನ್ನ ಕಾಲು ಮುರಿಸಿದೆಯಲ್ಲೇ ಮಾರಾಯ್ತಿ!"

"ಕಂಬಳಿ ಎಲ್ಲಿತ್ತು?"

ಅವನು ಅಂಗಡಿಯ ಕಡೆ ನೋಡಿದ. ಕಂಬಳಿ ಈಗಲೂ ಅದೇ ಗೂಟದಲ್ಲಿ ನೇತಾಡುತ್ತಿತ್ತು, ಮಂಚದಿಂದಲೇ ಕಾಣುವಂತೆ.

ಅವನು ಚಹಾ ಕೆಳಗಿಟ್ಟು ಮೆತ್ತಗೆ ಹೇಳಿದ: "ಈಗ ಯಾರು ಕೇಳಿದ್ರು ನಿನ್ನ? ಚೂರೆಲ್ಲಾ ಗುಡಿಸಿ ಎಸೆದೂ ಆಯ್ತು. ನೀನು ಸುಮ್ಮನಿದ್ರೆ ಆಪರೇಷನ್ ಆಗುತ್ತೆ, ನಾನು ಎದ್ದು ನಿಲ್ತೀನಿ. ಅದು ಪಾಪವಾ?"

"ಪಾಪವೋ ಅಲ್ಲವೋ ನನಗೆ ಗೊತ್ತಿಲ್ಲ. ಅವನು ದಿನಾ ಅಲ್ಲಿ ಬಂದು ನಿಲ್ತಾನೆ. ಯಾರ‍್ಯಾರದೋ ಮನೆ ಕಿಟಕಿ ತೆಗೆಸಿ ನೋಡ್ತಾನೆ. ನನಗೆ ಇಲ್ಲಿ ಕೂರೋಕಾಗ್ತಿಲ್ಲ."

ಅವನು ಗೋಡೆಯ ಕಡೆ ತಿರುಗಿಕೊಂಡ. ಊಟಕ್ಕೆ ಕರೆದರೂ ತಿರುಗಲಿಲ್ಲ. ತಟ್ಟೆ ಮಂಚದ ಪಕ್ಕದಲ್ಲೇ ಆರಿತು. ಸಂಜೆ ಅವಳು ದೀಪ ಹಚ್ಚಿ ಬಂದಾಗ ಗೋಡೆಗೇ ಹೇಳುವವನಂತೆ ಹೇಳಿದ: "ವಕೀಲಮ್ಮನ ಹತ್ರ ಹೋಗೋದಾದ್ರೆ ಕಂಬಳಿ ಬಿಟ್ಟು ಬಂದವನು ನಾನು ಅಂತಾನೂ ಹೇಳು. ಎಲ್ಲಾನೂ ನಿನ್ನ ತಲೆ ಮೇಲೆ ಹಾಕ್ಕೊಂಡು ಬರ್ಬೇಡ."

"ಹೂಂ."

"ಅಳತೆ ವಿಷಯ ಬೇಡ. ಅದು ಕೋರ್ಟಿಗೆ ಸೇರಿದ್ದಲ್ಲ."

ಎಷ್ಟೋ ದಿನಗಳ ಮೇಲೆ ಅವಳಿಗೆ ನಗು ಬಂತು. ಆದರೆ ಅದೂ ಅರ್ಧಕ್ಕೇ ನಿಂತಿತು.

ವಕೀಲಮ್ಮ ಪೂರ್ತಿ ಕೇಳಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಅವತ್ತು ಕೇಳಿದಾಗ ಒಳಗೇ ಹಿಡ್ಕೊಳ್ಳೋದು ಅಂದ್ರಲ್ಲ?"

"ಯಾವಾಗಲೂ ಅಂದೆ. ಕನ್ನಡಿ ಒಡೆದ ದಿನ ಅಂತ ಹೇಳ್ಲಿಲ್ಲ."

"ಅಮ್ಮಾ, ಇಂಥ ಉತ್ತರ ಕೊಡೋದು ನಮ್ಮ ಕಸುಬು. ನಮ್ಮ ಹೊಟ್ಟೆ ಮೇಲೆ ಹೊಡೀಬೇಡಿ." ಆಕೆ ನಕ್ಕರು, ಮತ್ತೆ ಗಂಭೀರವಾದರು. "ಎಲ್ಲಾ ಹೋಯ್ತು ಅಂತ ಹೆದರಿ ಬಂದಿದೀರಾ?"

"ಹೌದು. ಏನೂ ಸಿಗಲ್ಲ ಅಲ್ವಾ?"

"ಹಾಗಲ್ಲ. ಒಂದು ಅಪಘಾತಕ್ಕೆ ಇಬ್ಬರ ತಪ್ಪೂ ಕಾರಣ ಇರಬಹುದು. ಯಾರದು ಎಷ್ಟು ಪಾಲು ಅಂತ ಕೋರ್ಟು ತೂಗುತ್ತೆ. ಅವನು ಅಡ್ಡರಸ್ತೆಯಿಂದ ನಿಲ್ಲಿಸದೆ ನುಗ್ಗಿದ. ಬೆಳಕು ಹೊಡೀತು ಅನ್ನೋದು ಅದಕ್ಕೆ ಉತ್ತರ ಅಲ್ಲ, ನಿಲ್ಲಿಸಿದ್ರೆ ಬೆಳಕು ಬಿದ್ರೂ ಏನೂ ಆಗ್ತಿರ್ಲಿಲ್ಲ. ದೊಡ್ಡ ಪಾಲು ಅವನದೇ. ನೀವು ಕನ್ನಡಿ ಮುಚ್ಚದೆ, ಮುಖ ರಸ್ತೆಗೆ ಮಾಡಿ ತಂದ್ರಿ. ಅದು ನಿಮ್ಮ ಕಡೆಯ ಪಾಲು. ಕಾಲು ಭಾಗ ನಿಮ್ಮದು ಅಂದ್ರೆ, ಬರಬೇಕಾದ್ದರಲ್ಲಿ ಕಾಲು ಭಾಗ ಕಳೀತಾರೆ. ಮೂರರಲ್ಲಿ ಒಂದು ಅಂದ್ರೆ ಅಷ್ಟು. ಮಿಕ್ಕಿದ್ದು ನಿಮಗೇ."

"ಮಿಕ್ಕಿದ್ದರಲ್ಲಿ ಆಪರೇಷನ್ ಆಗುತ್ತಾ?"

"ಅದನ್ನ ನಾನು ಹೇಳಲಾರೆ. ಆಗಬಹುದು. ಕಷ್ಟ ಆಗಬಹುದು." ಆಕೆ ಕನ್ನಡಕ ಹಾಕಿಕೊಂಡರು. "ಗೊತ್ತಿದ್ದೂ ಮುಚ್ಚಿಟ್ಟು ನಾನು ಕೇಸು ನಡೆಸೋದಿಲ್ಲ. ಹೇಳೋದು ನೀವು, ಕೋರ್ಟಿನಲ್ಲಿ. ಯೋಚನೆ ಮಾಡಿ."

ಯೋಚನೆ ಮಾಡುವುದೇನೂ ಉಳಿದಿರಲಿಲ್ಲ. ಆದರೂ ಕೋರ್ಟಿನ ದಿನದವರೆಗೆ ಅವಳ ಮನಸ್ಸು ಒಂದೆಡೆ ನಿಲ್ಲಲಿಲ್ಲ. ಗಂಡ ಮಂಚದಿಂದ ಇಳಿಯಲು ಗೋಡೆ ಹಿಡಿದು ಒದ್ದಾಡುವುದನ್ನು ಕಂಡಾಗ, ಕಾಲು ಭಾಗ ಎಂದರೆ ಆ ಕಾಲಿನ ಎಷ್ಟು ಭಾಗವೋ ಎಂದು ಲೆಕ್ಕ ಹಾಕುತ್ತಿದ್ದಳು.

ಕೋರ್ಟಿನ ಮೊಗಸಾಲೆಯಲ್ಲಿ ಉದ್ದದ ಬೆಂಚು. ಊರುಗೋಲನ್ನು ಗೋಡೆಗೆ ಒರಗಿಸಿ ಗಂಡ ಕೂತಿದ್ದ. ಗಾಜಕ್ಕ ಏಳುತ್ತಿದ್ದಳು, ಕೂರುತ್ತಿದ್ದಳು, ಬಾಗಿಲ ಬಳಿ ಹೋಗಿ ಇಣುಕಿ ಬರುತ್ತಿದ್ದಳು.

"ಕೂತ್ಕೊಳ್ಳೇ. ಬೆಂಚಿಗೇನು ಮೊಳೆ ಹೊಡೆದಿದಾರಾ?"

ಸಾಕ್ಷಿ ಹೇಳಲು ಬಂದ ಟೈರಣ್ಣ ಇಸ್ತ್ರಿ ಮಾಡಿದ ಅಂಗಿಯಲ್ಲಿ ಯಾರೋ ಬೇರೆಯವನಂತೆ ಕಾಣುತ್ತಿದ್ದ. ಆಚೆ ಕೊನೆಯ ಕಂಬದ ಬಳಿ ಟ್ಯಾಕ್ಸಿಯವನು ನಿಂತಿದ್ದ, ಹತ್ತಿರ ಬರಲಿಲ್ಲ. ಟೈರಣ್ಣ ಬಂದು ಗಾಜಕ್ಕನ ಪಕ್ಕದಲ್ಲಿ ಬಗ್ಗಿದ.

"ಅಕ್ಕ, ಯಜಮಾನರು ಎಲ್ಲಾ ಹೇಳಿದ್ರು. ನೀವಿನ್ನೂ ಒಳಗೆ ಏನೂ ಹೇಳಿಲ್ವಲ್ಲ. ಸುಮ್ಮನಿದ್ದುಬಿಡಿ. ಕನ್ನಡಿಗೆ ಕಂಬಳಿ ಸುತ್ತಿತ್ತು, ನಾನೇ ಕಣ್ಣಾರೆ ಕಂಡೆ ಅಂತೀನಿ. ಅಷ್ಟು ಹೇಳಿದ್ರೆ ಬೆಳಕಿನ ಕಥೆ ಅಲ್ಲಿಗೇ ಮುಗೀತು."

ಗಂಡ ಊರುಗೋಲಿನ ತುದಿಯನ್ನೇ ನೋಡುತ್ತಾ ಕೂತಿದ್ದ.

"ಬೇಡ ಅಣ್ಣ" ಎಂದಳು ಗಾಜಕ್ಕ.

"ನನ್ನ ಗಂಟೇನು ಹೋಗುತ್ತೆ? ಬಾಯಿ ಮಾತು ತಾನೇ. ನಿಮ್ಮ ಕಷ್ಟ ನೋಡೋಕಾಗ್ದೆ ಹೇಳ್ತಿದೀನಿ."

ಒಳಗಿನಿಂದ ಕೋರ್ಟಿನ ಜವಾನ ಬಾಗಿಲಿಗೆ ಬಂದು ಅವರ ಕೇಸು ಕೂಗಿದ. ಅವಳು ಎದ್ದು ಸೆರಗು ಸರಿಮಾಡಿಕೊಂಡಳು.

"ಗೊತ್ತು ಅಣ್ಣ. ಅವತ್ತು ಇವರನ್ನ ಎತ್ಕೊಂಡು ಆಸ್ಪತ್ರೆಗೆ ಓಡಿದ್ದೂ ನೀವೇ, ಅದನ್ನ ಈ ಜನ್ಮದಲ್ಲಿ ಮರೆಯಲ್ಲ. ಇದು ಮಾತ್ರ ಬೇಡ. ನೀವು ಕಂಡಿದ್ದಷ್ಟು ನೀವು ಹೇಳಿ. ನಾನು ಹಿಡ್ಕೊಂಡಿದ್ದು ನಾನು ಹೇಳ್ತೀನಿ."