ಜವರಿಯ ದನಿ, ರೂಪಶ್ರೀಯ ತುಟಿ

ಹೊಗೆಸೊಪ್ಪಿನ ಅಂಟು ಕೈಗೆ ಹತ್ತಿದರೆ ಸುಲಭಕ್ಕೆ ಬಿಡುವುದಿಲ್ಲ. ಆ ಭಾನುವಾರ ಬೆಳಿಗ್ಗೆ ಜವರಿ ಬೂದಿ ಹಾಕಿ ಉಜ್ಜಿದಳು, ಸೋಪು ಹಾಕಿ ಉಜ್ಜಿದಳು, ಕೊನೆಗೆ ಒಗೆಯುವ ಕಲ್ಲಿಗೇ ಕೈ ತಿಕ್ಕಿದಳು. ಬೆರಳ ಸಂದಿಯ ಕಪ್ಪು ಹಾಗೇ ಉಳಿಯಿತು. ಹಾಡುವುದು ಕೈಯಲ್ಲವಲ್ಲ ಎಂದುಕೊಂಡು, ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು ಹುಣಸೂರಿನ ಬಸ್ಸು ಹತ್ತಿದಳು.

ಅವಳಿಗೆ ಮೂವತ್ತೊಂದು. ಎಚ್.ಡಿ. ಕೋಟೆ ಕಡೆಯ ಕಾಡಂಚಿನ ಬುಡಕಟ್ಟು ಹಾಡಿಯವಳು. ಗಂಡ ಶಿವಣ್ಣ ಕೊಡಗಿನ ಕಾಫಿ ತೋಟದಲ್ಲಿ ಕೆಲಸಕ್ಕಿದ್ದು ಹದಿನೈದು ದಿನಕ್ಕೊಮ್ಮೆ ಬಂದು ಹೋಗುತ್ತಿದ್ದ. ಸೊಪ್ಪಿನ ಕಾಲದಲ್ಲಿ ಜವರಿ ಹಾಡಿಯ ಹೆಂಗಸರ ಜೊತೆ ಬೆಳೆಗಾರ ಗೌರೀಶ ಸೊಪ್ಪು ಒಣಗಿಸುವ ಬ್ಯಾರನ್ನಿನ ಮುಂದೆ ಕೂತು ಹಸಿ ಎಲೆಗಳನ್ನು ಕಡ್ಡಿಗೆ ಕಟ್ಟುತ್ತಿದ್ದಳು. ಕಟ್ಟುತ್ತಾ ಹಾಡುತ್ತಿದ್ದಳು. ಆಶ್ರಮ ಶಾಲೆಯಲ್ಲಿ ಏಳನೇ ತರಗತಿಯವರೆಗೂ ಪ್ರಾರ್ಥನೆಗೆ ಅವಳನ್ನೇ ಮುಂದೆ ನಿಲ್ಲಿಸುತ್ತಿದ್ದರು. ಶಾಲೆ ಬಿಟ್ಟ ಮೇಲೆ ಯಾರೂ ಅವಳನ್ನು ಎಲ್ಲಿಯೂ ಮುಂದೆ ನಿಲ್ಲಿಸಿರಲಿಲ್ಲ.

ನಾಟಕದ ಆಯ್ಕೆಯ ವಿಷಯ ಹೇಳಿದವನು ಗೌರೀಶನೇ. ಹುಣಸೂರಿನ ಕಲಾ ಸಂಘವೊಂದರ ಸದಸ್ಯ ಅವನು.

"ನಮ್ಮ ಸಂಘದೋರು ‘ಹೊನ್ನಹೊಳೆಯ ರಾಣಿ’ ಅಂತ ನಾಟ್ಕ ಆಡ್ತಾವ್ರೆ ಕಣವ್ವ. ನಾಟ್ಕದ ತುಂಬಾ ಪದಗಳೇ. ನಾಕು ತಾಲ್ಲೂಕಿನಿಂದ ಯಾರ್ ಬೇಕಾದ್ರೂ ಬರ್ಬೋದು. ಚೆನ್ನಾಗಿ ಪದ ಹೇಳ್ದೋರ್ಗೆ ರಾಣಿ ಪಾಲ್ಟು."

ಕೋಟೆ ಕಳೆದುಕೊಂಡ ರಾಣಿಯೊಬ್ಬಳು ಕಾಡಿನ ಜನರ ನಡುವೆ ತಲೆಮರೆಸಿಕೊಂಡು ಬದುಕುವ ಕತೆ ಅದು. ಹಾರ್ಮೋನಿಯಂ ಮೇಷ್ಟ್ರು ದಾಸಯ್ಯ ಹಾಡಿದ ರಾಣಿಯ ಪದವನ್ನು ಗೌರೀಶ ಅವಳ ಫೋನಿಗೆ ಕಳಿಸಿದ. ಮೂರು ವಾರ ಜವರಿ ಬೇರೆ ಹಾಡು ಹಾಡಲಿಲ್ಲ.

ಆಯ್ಕೆ ನಡೆದದ್ದು ಕಲ್ಯಾಣ ಮಂಟಪವೊಂದರ ಊಟದ ಹಾಲಿನಲ್ಲಿ. ಹಿಂದಿನ ದಿನದ ಮದುವೆಯ ಹಳಸಿದ ಸಾರಿನ ವಾಸನೆ ಇನ್ನೂ ಹೋಗಿರಲಿಲ್ಲ. ನಿರ್ದೇಶಕ ಸೋಮಶೇಖರ್ ಮೇಜಿನ ಹಿಂದೆ ಕೂತು ಅಡಿಕೆ ಅಗಿಯುತ್ತಾ ಕಾಗದದ ಲೋಟಕ್ಕೆ ಉಗಿಯುತ್ತಿದ್ದರು. ಜವರಿ ಕಣ್ಣು ಬೇರೆಡೆ ತಿರುಗಿಸಿಕೊಂಡು ಹಾಡಿದಳು:

"ಕೋಟೆ ಹೋದರೇನು ಕಂದಾ, ಹೊಳೆಯು ನಮ್ಮ ಕೂಡೆ ಬಂತು..."

ಹಾಡು ಮುಗಿದರೂ ದಾಸಯ್ಯನ ಬೆರಳು ಹಾರ್ಮೋನಿಯಂ ಮೇಲೇ ಇತ್ತು.

"ಯಾರ್ ತಾವ ಕಲ್ತೆ ತಾಯಿ?" ಎಂದು ಆ ಮುದುಕ ಕೇಳಿದ.

"ನಿಮ್ ತಾವ್ಲೇ ಕಣಯ್ಯ. ಫೋನ್ನಾಗೆ."

ಸೋಮಶೇಖರ್ ಪೆನ್ನು ಎತ್ತಿಕೊಂಡು ಊರು ಯಾವುದೆಂದು ಕೇಳಿದರು. ಜವರಿ ಹಾಡಿಯ ಹೆಸರು ಹೇಳಿದಳು. ಬರೆಯಲು ಹೊರಟ ಪೆನ್ನು ಕೆಳಗಿಳಿಯಿತು.

"ಓ, ಹಾಡಿಯವ್ಳಾ! ಹಂಗಾದ್ರೆ ಎರಡನೇ ಅಂಕದ ಕಾಡುಜನರ ಕುಣಿತಕ್ಕೆ ಹೇಳಿ ಮಾಡಿಸಿದ ಹಾಗಿದ್ದೀಯ. ಸೊಂಟಕ್ಕೆ ಸೊಪ್ಪು ಕಟ್ಕೊಂಡು ಹೋ ಹೋ ಅಂತ ಕುಣಿಯೋದು. ಎಲ್ಲಿ, ಒಂದ್ಸಲ ತೋರ್ಸು."

"ನಮ್ಮ ಹಾಡಿನಾಗೆ ಯಾರೂ ಸೊಪ್ಪು ಕಟ್ಕೊಳಾಕಿಲ್ಲ ಸಾರ್. ನಮ್ಮಜ್ಜೀನೂವೆ ಸೀರೆ ಉಡ್ತಿದ್ಲು. ನಾನು ರಾಣಿ ಪದ ಹೇಳಾಕ್ ಬಂದಿವ್ನಿ."

ಹಾಲಿನ ತುಂಬ ನಗು ಎದ್ದಿತು. ಹಿಂದಿನಿಂದ ಯಾರೋ ಗೂಬೆ ಕೂಗಿದಂತೆ ಕೂಗಿದರು. ಗೌರೀಶನೂ ನಕ್ಕದ್ದನ್ನು ಜವರಿ ನೋಡಿದಳು. ದಾಸಯ್ಯ ನಗಲಿಲ್ಲ. ತಲೆ ತಗ್ಗಿಸಿ ಹಾರ್ಮೋನಿಯಂ ತಿದಿಯ ಕೊಂಡಿ ಹಾಕುತ್ತಾ ಕೂತ.

"ರಾಣಿ ಅಂದ್ಮೇಲೆ ನೋಡೋಕೂ ರಾಣಿ ತರ ಇರ್ಬೇಕಲ್ಲಮ್ಮ" ಎಂದರು ಸೋಮಶೇಖರ್.

ಆಮೇಲೆ ರೂಪಶ್ರೀ ಹಾಡಿದಳು. ಊರಿನ ಸಮಾರಂಭಗಳಲ್ಲಿ ನಿರೂಪಣೆ ಮಾಡುವ, ಬೆಳ್ಳಗಿನ, ಎತ್ತರದ ಹೆಂಗಸು. ಎರಡನೇ ಸಾಲಿಗೇ ಶ್ರುತಿ ಬಿಟ್ಟಳು. ಎಲ್ಲರೂ ಚಪ್ಪಾಳೆ ತಟ್ಟಿದರು.

ಎರಡು ದಿನ ಬಿಟ್ಟು ಗೌರೀಶ ಬ್ಯಾರನ್ನಿನ ಹತ್ತಿರ ಬಂದು ಜವರಿಯನ್ನು ಪಕ್ಕಕ್ಕೆ ಕರೆದ. "ರೂಪಶ್ರೀ ಮೇಡಂ ಬಾಯಿ ಆಡಿಸ್ತಾರೆ. ನೀನು ಪರದೆ ಹಿಂದ್ಗಡೆ ಕುಂತು ಮೈಕ್ನಾಗೆ ಪದ ಹೇಳ್ಬುಡು. ಯಾರ್ಗೂ ಗೊತ್ತಾಗಾಕಿಲ್ಲ."

ಜವರಿ ಒಪ್ಪಿದಳು. ಜೊತೆಯಲ್ಲಿ ಕಡ್ಡಿ ಕಟ್ಟುವ ಶೋಭಾ ಅದನ್ನು ಕೇಳಿ ಸಿಡಿದೆದ್ದಳು. "ಥೂ, ಅಷ್ಟು ನಗಿಸ್ಕೊಂಡ್ ಬಂದಿದ್ದೀಯ, ಮತ್ತೆ ಅಲ್ಲಿಗೇ ಓಯ್ತೀಯಲ್ಲೇ?"

"ಪದ ಹೇಳಾಕಾದ್ರೂ ಆಯ್ತದಲ್ಲೇ" ಎಂದಳು ಜವರಿ. ಮೂರು ವಾರ ಕಲಿತ ಪದವನ್ನು ಬಿಡಲು ಅವಳಿಗೆ ಮನಸ್ಸಿರಲಿಲ್ಲ.

ಹನ್ನೊಂದು ದಿನ ಅವಳು ಆ ಪರದೆಯ ಹಿಂದೆ ಕೂತಳು. ಮಧ್ಯಾಹ್ನದ ಅಭ್ಯಾಸಕ್ಕೆ ಗೌರೀಶನೇ ಬೈಕಿನಲ್ಲಿ ಕರೆದೊಯ್ಯುತ್ತಿದ್ದ, ಮಂಟಪದ ಬೀದಿ ಬರುವ ಮೊದಲೇ ಇಳಿಸುತ್ತಿದ್ದ. ಎಲ್ಲರಿಗೂ ಸ್ಟೀಲ್ ಲೋಟದಲ್ಲಿ ಕಾಫಿ ಬಂದರೆ ಅವಳದು ಕಾಗದದ ಲೋಟದಲ್ಲಿ ಕಿಟಕಿಯ ಕಟ್ಟೆಯ ಮೇಲೆ ಕೂತಿರುತ್ತಿತ್ತು. ಅದರ ಪಕ್ಕದಲ್ಲೇ ಸೋಮಶೇಖರ್ ತಮ್ಮ ಉಗುಳಿನ ಲೋಟವನ್ನೂ ಇಡುತ್ತಿದ್ದರು. ಒಂದು ಸಲ ನೋಡದೆ ಅದಕ್ಕೆ ಕೈ ಹಾಕಿಬಿಟ್ಟಳು. ಬೆಚ್ಚಗಿತ್ತು. ಅಂದಿನಿಂದ ಅಲ್ಲಿ ಕಾಫಿ ಕುಡಿಯುವುದನ್ನೇ ಬಿಟ್ಟಳು. ರೂಪಶ್ರೀ ಒಮ್ಮೆ ಪರದೆ ಸರಿಸಿ, "ಉಸಿರು ಎಳ್ಕೊಳೋದು ಜೋರಾಗಿ ಕೇಳ್ಸುತ್ತೆ, ಸ್ವಲ್ಪ ನೋಡ್ಕೋ. ಜನ ನಂದೇ ಉಸಿರು ಅನ್ಕೋತಾರೆ" ಎಂದು ಹೇಳಿ ಹೋದಳು. ಜವರಿ ಉಸಿರನ್ನೂ ಮೆಲ್ಲಗೆ ಎಳೆದುಕೊಳ್ಳುವುದನ್ನು ಕಲಿತಳು. ಪದ ಮಾತ್ರ ದಿನದಿಂದ ದಿನಕ್ಕೆ ಕಳೆಗಟ್ಟಿತು.

ಹನ್ನೊಂದನೇ ದಿನ ಕಾಡುಜನರ ಕುಣಿತಕ್ಕೆ ಬಣ್ಣ ಹಚ್ಚಿ ನೋಡುತ್ತಿದ್ದರು. ಎಂಟು ಜನ ಕಾಲೇಜು ಹುಡುಗಿಯರು ಸಾಲಾಗಿ ನಿಂತಿದ್ದರು. ಸೋಮಶೇಖರ್ ದೀಪದ ಮಸಿಗೆ ಕೊಬ್ಬರಿ ಎಣ್ಣೆ ಕಲಸಿ ತಾವೇ ಅವರ ತೋಳಿಗೆ ಬಳಿಯುತ್ತಿದ್ದರು. ಬಣ್ಣ ಅವರಿಗೆ ಸಮಾಧಾನವಾಗಲಿಲ್ಲ. ನೇರವಾಗಿ ಪರದೆಯ ಹಿಂದೆ ಬಂದು ಜವರಿಯ ಮಣಿಕಟ್ಟು ಹಿಡಿದು ಎಳೆದುಕೊಂಡು ಹೋಗಿ, ಅವಳ ಕೈಯನ್ನು ಹುಡುಗಿಯರ ಮುಂದೆ ಎತ್ತಿ ಹಿಡಿದರು.

"ನೋಡ್ರಮ್ಮ, ಈ ಬಣ್ಣ ಬರ್ಬೇಕು."

ಒಬ್ಬ ಹುಡುಗಿ ತನ್ನ ತೋಳನ್ನು ಜವರಿಯ ತೋಳಿನ ಪಕ್ಕ ಇಟ್ಟು, "ಇನ್ನೊಂದ್ ಕೋಟ್ ಬೇಕು ಸಾರ್" ಎಂದಳು. ಅವಳ ದನಿಯಲ್ಲಿ ಕೆಟ್ಟತನವೇನೂ ಇರಲಿಲ್ಲ. ಜವರಿಗೆ ಅದೇ ಹೆಚ್ಚು ಹೇಸಿಗೆಯೆನಿಸಿತು.

"ಕೈ ಬುಡಿ ಸಾರ್."

"ಒಂದ್ ನಿಮಿಷ ಇರು."

"ಕೈ ಬುಡಿ ಅಂದೆ!"

ಕೊಸರಿಕೊಂಡು ಹೊರಗೆ ಬಂದಳು. ಅವರ ಎಣ್ಣೆ ಮಸಿಯ ಐದು ಬೆರಳೂ ಮಣಿಕಟ್ಟಿನ ಮೇಲೆ ಮೂಡಿದ್ದವು. ನಲ್ಲಿಯ ಹತ್ತಿರ ಕೂತು ಅದನ್ನು ಉಜ್ಜಿ ಉಜ್ಜಿ ತೊಳೆದಳು. ಒಳಗಿನಿಂದ ಸೋಮಶೇಖರ್, "ಅವಕಾಶ ಕೊಟ್ಟಿದ್ದೇ ತಪ್ಪಾಯ್ತು ನೋಡಿ" ಎನ್ನುತ್ತಿದ್ದುದು ಕೇಳಿಸಿತು. ಒಳಗೇ ಇದ್ದ ಗೌರೀಶನೂ ಸೇರಿ ಯಾರೂ ಹಿಂದೆ ಬರಲಿಲ್ಲ. ನಡೆದು ಬಸ್ ನಿಲ್ದಾಣಕ್ಕೆ ಹೋದಳು.

ನಾಟಕ ನಿಲ್ಲಲಿಲ್ಲ. ನೋಡಲು ಹೋಗಿದ್ದ ಶೋಭಾ ಆಟದ ಮರುದಿನ ಬೆಳಿಗ್ಗೆ ಕಡ್ಡಿ ಕಟ್ಟುತ್ತಾ, "ನೀನು ಓಗಿರ್ಲಿಲ್ಲ, ಆದ್ರೂ ನಿಂದೇ ದನಿ ಕಣೇ. ಉಸುರು ಕೂಡ ನಿಂದೇ" ಎಂದಳು. ಅಭ್ಯಾಸದ ಹೊತ್ತಿನಲ್ಲಿ ಅವಳ ಹಾಡನ್ನು ಫೋನಿನಲ್ಲಿ ಹಿಡಿದುಕೊಂಡಿದ್ದರು, ಅದನ್ನೇ ಹಾಕಿದ್ದರು. ಮುಂದಿನ ವಾರ ಕೊಪ್ಪದಲ್ಲಿ ಇನ್ನೊಂದು ಆಟವಿತ್ತು.

ಜವರಿ ಕಡ್ಡಿ ಕೆಳಗಿಟ್ಟು ಎದ್ದಳು. ಗೌರೀಶ ಅಂಗಳದಲ್ಲೇ ಇದ್ದ.

"ನನ್ ಪದ ಅಳಿಸ್ರಿ."

"ಅದು ಸಂಘದ್ದು ಕಣವ್ವ. ನನ್ ಕೈಲಿ ಏನೈತೆ?"

"ನೀವೂ ಅಲ್ಲಿ ನಿಂತು ನಕ್ಕಿರಲ್ಲ, ನೋಡಿವ್ನಿ. ನನ್ನ ಕೈ ಹಿಡ್ಕೊಂಡು ಬಣ್ಣ ಹೋಲಿಸ್ತಿದ್ದಾಗ್ಲೂ ಅಲ್ಲೇ ಇದ್ರಿ. ಅಳಿಸ್ರಿ."

ಶೋಭಾ ಕಡ್ಡಿ ಕೆಳಗಿಟ್ಟಳು. ಅವಳ ಪಕ್ಕದವಳೂ ಇಟ್ಟಳು. ಹೆಂಗಸರೆಲ್ಲ ಕೈಕಟ್ಟಿ ಕೂತರು. ಕಿತ್ತು ತಂದ ಸೊಪ್ಪು ಅಂಗಳದ ತುಂಬ ಬಿದ್ದಿತ್ತು. ಬಿಸಿಲು ಏರಿದರೆ ಬಾಡಿಹೋಗುತ್ತದೆ ಎಂಬುದು ಗೌರೀಶನಿಗೆ ಗೊತ್ತಿತ್ತು. ಒಂದು ಗಂಟೆ ಹೊತ್ತು ಯಾರ್ಯಾರಿಗೋ ಫೋನು ಮಾಡಿದ, ಬೈದ, ಬೇಡಿಕೊಂಡ. ಕೊನೆಗೆ ಸೋಮಶೇಖರ್ ಫೋನಿನಲ್ಲಿ, "ಅಳಿಸಿದ್ದೀನಿ, ಎಲ್ಲರ ಹತ್ರಾನೂ ಅಳಿಸಿಸಿದ್ದೀನಿ" ಎಂದು ಹೇಳಿದ್ದನ್ನು ಎಲ್ಲರಿಗೂ ಕೇಳುವಂತೆ ಹಾಕಿದ. ಆಮೇಲೆ ಹೆಂಗಸರು ಕಡ್ಡಿ ಎತ್ತಿಕೊಂಡರು.

ಕೊಪ್ಪದಲ್ಲಿ ರೂಪಶ್ರೀ ತಾನೇ ಹಾಡಿದಳಂತೆ. ಎರಡನೇ ಸಾಲಿಗೆ ಜನ ಸಿಳ್ಳೆ ಹೊಡೆದರಂತೆ. ಶೋಭಾ ಬಿದ್ದು ಬಿದ್ದು ನಕ್ಕಳು. ಜವರಿಗೆ ನಗು ಬರಲಿಲ್ಲ. ಅವರ ಮೇಲಿನ ಹೇಸಿಗೆ ಒಂದು ತೂಕವಾದರೆ, ಆ ಹನ್ನೊಂದು ದಿನ ಉಸಿರು ಅಡಗಿಸಿಕೊಂಡು ಕೂತ ತನ್ನ ಮೇಲಿನ ಹೇಸಿಗೆ ಅದಕ್ಕಿಂತ ಹೆಚ್ಚಾಗಿತ್ತು.

ತಿಂಗಳಾದ ಮೇಲೆ ದಾಸಯ್ಯ ಹಾಡಿ ಹುಡುಕಿಕೊಂಡು ಬಂದ. ಭೇರ್ಯದಲ್ಲಿ ತನ್ನದೇ ಚಿಕ್ಕ ತಂಡ ಕಟ್ಟುತ್ತಿದ್ದೇನೆ, ನೀನೇ ರಾಣಿ, ಮುಂದೆ ನಿಂತು ಹಾಡು ತಾಯಿ ಎಂದ.

"ಅವತ್ತು ಎಲ್ರೂ ನಗ್ತಿದ್ದಾಗ ನೀವ್ಯಾಕೆ ಬಾಯಿ ಬುಡ್ಲಿಲ್ಲ ಅಯ್ಯ?"

"ಒಟ್ಟೆಪಾಡು ತಾಯಿ."

"ನನ್ಗೋಸ್ಕರ ಕಡ್ಡಿ ಕೆಳಗಿಟ್ಟ ಎಂಗಸ್ರಿಗೂ ಒಟ್ಟೆ ಅದೆ."

ರಜೆಗೆ ಬಂದಿದ್ದ ಶಿವಣ್ಣ ಮುದುಕನನ್ನು ಬಸ್ಸಿನವರೆಗೆ ಬಿಟ್ಟು ಬಂದು, ಪಾಪ, ಒಳ್ಳೆಯ ಮನುಷ್ಯ, ಒಪ್ಪಬಹುದಿತ್ತು ಎಂದ. ಜವರಿ ಒಲೆಗೆ ಸೌದೆ ನೂಕಿ ಮುದ್ದೆಗೆ ಎಸರಿಟ್ಟಳು.

ಈಗ ಅವಳು ಗೌರೀಶನ ಬ್ಯಾರನ್ನಿಗೆ ಹೋಗುವುದಿಲ್ಲ. ಇನ್ನೊಬ್ಬರ ಹೊಲದಲ್ಲಿ ಸೊಪ್ಪು ಕಟ್ಟುತ್ತಾಳೆ. ಹಾಡುತ್ತಾಳೆ, ಜೋರಾಗಿಯೇ ಹಾಡುತ್ತಾಳೆ. ರಾಣಿಯ ಪದವನ್ನು ಮಾತ್ರ ಯಾರು ಕೇಳಿದರೂ ಹಾಡುವುದಿಲ್ಲ.